ಎರಡು ಮೂಗಿನ ದೊರೆ

ಮಾರಲಿಕ್ಕಲ್ಲ, ಅಡವಿಡಲಿಕ್ಕೂ ಅಲ್ಲ,
ಸರದ ಕೊಂಡಿಯೊಂದು ಬಿಟ್ಟಿದೆ ಅಂತ
ಶಿಕಾರಿಪುರದ ಕಡೆಯ ತಾಂಡಾದಿಂದ
ಮೊದಲ ಬಸ್ಸಿಗೆ ಬಂದವಳು ಝಮಕಿಬಾಯಿ.
ಗಾಂಧಿ ಬಜಾರಿನಲ್ಲಿ ಇನ್ನೂ ಷಟರ್ ಎತ್ತುವ ಸದ್ದು.
ನನ್ನ ಅಂಗಡಿ ಅಂದರೆ ಒಂದು ಮೆಟ್ಟಿಲು, ಒಂದು ಚಾಪೆ,
ಅಪ್ಪನ ಅಡಿಗಲ್ಲು, ನನ್ನ ಎಡಗಿವಿಯ ಕಿವುಡು.

ಹದಿನೆಂಟು ರೂಪಾಯಿ ಪೋಣಿಸಿದ ಸರ.
ಎಲ್ಲ ರಾಣಿಯ ತಲೆ, ರಾಜನ ತಲೆ,
ಯಂತ್ರ ಒತ್ತಿದ ಗುಂಡು, ಅಂಚಿಗೆ ಸಾಲುಹಲ್ಲು.
ನಡುವೆ ಒಂದು ಮಾತ್ರ ಬೇರೆ ಜಾತಿ:
ಹಪ್ಪಳದ ಚೂರಿನ ಹಾಗೆ ತೆಳ್ಳಗೆ, ಸೊಟ್ಟಗೆ,
ಆ ಮಗ್ಗುಲಿಗೆ ಶಿಲುಬೆ, ಈ ಮಗ್ಗುಲಿಗೆ ಒಬ್ಬ ಗಂಡಸು.
ಅವನಿಗೆ ಎರಡು ಮೂಗು.

ನಗಬೇಡಿ. ಆ ಎರಡನೇ ಮೂಗು ನನಗೆ ಗೊತ್ತು.
ಊಟವಾದ ಮೇಲಿನ ಏಟು ಅದು.
ಮೊದಲ ಏಟಿಗೆ ಅಚ್ಚು ಪೂರ್ತಿ ಕೂರಲಿಲ್ಲ,
ಎರಡನೆಯದು ಬೀಳುವಷ್ಟರಲ್ಲಿ
ಬಿಲ್ಲೆ ಕೂದಲೆಳೆಯಷ್ಟು ಜರುಗಿತು.
ಮೇಸ್ತ್ರಿ ನೋಡಲಿಲ್ಲ ಅಂತ
ಅವನು ಅದನ್ನು ರಾಶಿಗೆ ತಳ್ಳಿದ.
ನಾನೂ ತಳ್ಳಿದ್ದೇನೆ.

ಎದುರು ಹೋಟೆಲಿನಿಂದ ಪಿಂಟೋ ಮಾಸ್ತರನ್ನು ಕರೆದೆ.
ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವರು,
ಕಿಸೆಯಲ್ಲಿ ಸದಾ ಭೂತಗನ್ನಡಿ, ಪೆಪ್ಪರ್‌ಮಿಂಟು.
'ಡ್ಯೂಕ್ ಒಬ್ಬನ ನಾಣ್ಯ, ಐನೂರು ವರ್ಷದ ಮೇಲಿನದು,
ಸುತ್ತಿಗೆಯಲ್ಲಿ ಬಡಿದದ್ದು' ಅಂದರು, ಉಸಿರು ಬಿಗಿಹಿಡಿದು.
ಡ್ಯೂಕ್ ಅಂದರೆ?
'ದೊರೆಗಿಂತ ಒಂದು ಮೆಟ್ಟಿಲು ಕೆಳಗೆ.
ನಮ್ಮ ಪಾಳೇಗಾರರಿದ್ದರಲ್ಲ, ಹಾಗೆ.
ಈ ತೂತು ಒಂದಿಲ್ಲದಿದ್ದರೆ ಹತ್ತು ಸಾವಿರ!'
ಝಮಕಿಬಾಯಿ ಕೇಳಿದಳು:
'ತೂತಿಲ್ಲದಿದ್ದರೆ ಇವನು ನಮ್ಮಜ್ಜಿಯ ಕೊರಳಿಗೆ
ಹೇಗೆ ಬರುತ್ತಿದ್ದ?'

ಒರೆಗಲ್ಲಿಗೆ ಹಚ್ಚಿದೆ. ಗೆರೆ ಕೆಂಪಗೆ ನಾಚಿತು.
ನಾಲ್ಕರಲ್ಲೊಂದು ಪಾಲು ತಾಮ್ರ.
ಯುದ್ಧವಿತ್ತೋ, ಮಗಳ ಮದುವೆಯಿತ್ತೋ,
ಅರಮನೆಯಲ್ಲೂ ಬೆಳ್ಳಿ ಸಾಲದೆ ಹೋಗುತ್ತದೆ ಕೆಲವೊಮ್ಮೆ.
ಅಂಚು ನೋಡಿದೆ: ಸವೆದದ್ದಲ್ಲ, ಕತ್ತರಿ ತಿಂದದ್ದು.
ಯಾವುದೋ ಸಂತೆಯ ದಳ್ಳಾಳಿ
ಉಗುರಿನಷ್ಟು ಕತ್ತರಿಸಿ ನಾಲಿಗೆ ಕಚ್ಚಿಕೊಂಡ ಗಳಿಗೆ
ಇಲ್ಲಿ ಹಾಗೇ ಇದೆ, ಹರಿತವಾಗಿ.
ಒಡೆಯ ಕದ್ದ, ಆಳು ಮರೆಸಿದ, ವ್ಯಾಪಾರಿ ಕೊರೆದ.
ಅಕ್ಕಸಾಲಿ ಅಕ್ಕನ ಮೂಗುತಿಯನ್ನೂ ಬಿಡ ಅಂತ
ನಮ್ಮ ಒಂದೇ ಜಾತಿಗೆ ಗಾದೆ ಕಟ್ಟಿದ್ದಾರೆ.

ಹಡಗು ಯಾವುದು, ಬಂದರು ಯಾವುದು,
ಮೆಣಸಿನ ಚೀಲಕ್ಕೆ ಬದಲಾಗಿ ಘಟ್ಟ ಹತ್ತಿತೋ,
ಹೇರೆತ್ತಿನ ಹಿಂದೆ ನಡೆದ ಇವಳ ಹಿರಿಯರ
ಸೊಂಟದ ಗಂಟಿಗೆ ಹೇಗೆ ಬಿತ್ತೋ,
ಪಿಂಟೋ ಮಾಸ್ತರು ಕಾಫಿ ಆರುವ ತನಕ ಊಹಿಸಿದರು.
ನಾನು ಬಿಳಿಗಾರ ಹಚ್ಚಿದೆ, ಊದುಗೊಳವೆ ಹಿಡಿದೆ,
ನೀಲಿ ನಾಲಿಗೆ ದೊರೆಯ ನೆತ್ತಿ ನೆಕ್ಕಿತು.
ಕೊಂಡಿ ಕೂತಿತು.
ಹುಣಸೆ ನೀರಲ್ಲಿ ಚುಸ್ ಎಂದ.

'ಇವನ ಹೆಸರು ಗೊತ್ತಾ ನಿಮಗೆ?' ಅಂದಳು ಅವಳು.
ಮಾಸ್ತರು ಭೂತಗನ್ನಡಿ ಎತ್ತಿದರು ಆಸೆಯಿಂದ.
'ನೆಗಡಿ ರಾಜ. ಅಜ್ಜಿ ಇಟ್ಟ ಹೆಸರು.
ಮಕ್ಕಳಿಗೆ ಶೀತ ಕಟ್ಟಿದರೆ
ಇವನನ್ನು ಬಿಸಿನೀರಿಗೆ ಅದ್ದಿ ಆ ನೀರು ಕುಡಿಸುತ್ತೇವೆ.
ಎರಡು ಮೂಗಿದೆಯಲ್ಲ, ಅವನಿಗೆ ಗೊತ್ತು ಕಷ್ಟ.'

ಕೂಲಿ ನಲವತ್ತು ಕೊಟ್ಟಳು. ಏಳಲಿಲ್ಲ.
ಅರ ಹಾಕಿದಾಗ ಉದುರಿದ ಪುಡಿ
ನನ್ನ ಮೊಳಕಾಲ ಮೇಲಿನ ಚರ್ಮದ ಮಡಿಲಲ್ಲಿ
ಚಿಟಿಕೆಯಷ್ಟು ಮಿನುಗುತ್ತಿತ್ತು;
ನಾನದನ್ನು ಕೊಡವಲೂ ಇಲ್ಲ, ನೋಡಲೂ ಇಲ್ಲ,
ನಲವತ್ತು ವರ್ಷದ ಅಭ್ಯಾಸ.

ಕನ್ನಡಿಚೂರು ಹೊಲಿದ ಸೆರಗಿನ ತುದಿ
ನನ್ನ ಮುಂದೆ ಚಾಚಿದಳು, ಮಾತಾಡದೆ.
ಕೊಡವಿದೆ. ಬೆರಳುಗುರಿನ ಸಂದಿಯದನ್ನೂ.
ಅವಳು ಗಂಟು ಹಾಕಿಕೊಂಡು ಬಸ್‌ಸ್ಟ್ಯಾಂಡಿನತ್ತ ನಡೆದಳು;
ಸರದಲ್ಲಿ ಹದಿನೇಳು ಘಲ್ ಘಲ್,
ಒಂದು ಮಾತ್ರ ತೆಳ್ಳಗೆ, ಸ್ವಲ್ಪ ತಡವಾಗಿ,
ನನ್ನ ಬಲಗಿವಿಗೆ.